ದೀಪಾವಳಿಯವರೆಗಿನ ವ್ರತ

ಭಾವ ಮಹಾಲಿಂಗಪುರದ ಅಂಗಡಿ ಮುಚ್ಚಿ ಸಂಜೆ ರಬಕವಿಯ ಮನೆಗೆ ಬಂದರೆ, ಅವರಿಗಿಂತ ಮೊದಲು ಅವರ ಅಂಗಿಯ ವಾಸನೆ ಒಳಗೆ ಬರುತ್ತಿತ್ತು. ಅವರದು ಬೆಲ್ಲದ ದಲಾಲಿ ಅಂಗಡಿ. ದಿನವಿಡೀ ಬೆಲ್ಲದ ಪೆಂಟೆಗಳ ನಡುವೆ ಕೂತವರ ಬಟ್ಟೆಯಿಂದ ಆ ವಾಸನೆ ಎಷ್ಟು ಒಗೆದರೂ ಹೋಗುವುದಿಲ್ಲ. ಅಕ್ಕನಿಗೆ ಶುಗರ್ ಬಂದ ಮೇಲೆ ಅಡುಗೆಮನೆಯ ಬೆಲ್ಲದ ಡಬ್ಬಿ ಕೈಗೆಟುಕದ ಮೇಲಿನ ಹಲಗೆಗೆ ಹೋಯಿತು. ಅಂಗಿ ಮಾತ್ರ ಗೂಟದಲ್ಲೇ ಉಳಿಯಿತು. ಒಗೆಯಲು ಹಾಕುವ ಮುಂಚೆ ಅಕ್ಕ ಅದನ್ನು ಒಂದು ಸಲ ಮೂಗಿಗೆ ಹಿಡಿಯುತ್ತಿದ್ದಳು. ನಾನು ನೋಡಿದ್ದು ಗೊತ್ತಾದರೆ ನಾಚುತ್ತಿದ್ದಳು.

"ಏನ್ ನೋಡತಿ? ಬೆಲ್ಲ ತಿನಬ್ಯಾಡ ಅಂದಾರ ಡಾಕ್ಟರು. ವಾಸನಿ ನೋಡಬ್ಯಾಡ ಅಂದಿಲ್ಲ."

"ಬೆಲ್ಲದ ವಾಸನಿಯೋ ಮಾಮಾನ ವಾಸನಿಯೋ, ಯಕ್ಕಾ?" ಭಾವನನ್ನು ನಾನು ಮಾಮಾ ಎಂದೇ ಕರೆಯುವುದು.

"ಖೋಡಿ, ಸರಿ ಆಕಡೆ," ಎಂದು ಒದ್ದೆ ಬಟ್ಟೆಯಿಂದಲೇ ನನ್ನ ಬೆನ್ನಿಗೆ ಬಾರಿಸುತ್ತಿದ್ದಳು. ಆಗ ಅವಳ ಮಗಳಿಗೆ ಮದುವೆಯ ಮಾತು ನಡೆದಿತ್ತು.

ಅಕ್ಕ ಹೋಗಿ ಮೊನ್ನೆ ಶ್ರಾವಣಕ್ಕೆ ಒಂದು ವರ್ಷವಾಯಿತು. ನಮ್ಮ ತಾಯಿಗೆ ನಾವಿಬ್ಬರೇ. ತಾಯಿಗೂ ಸಕ್ಕರೆ ಕಾಯಿಲೆ ಇತ್ತು, ಅವಳು ಅದರಲ್ಲೇ ಹೋದಳು. ನಾನು ಪಿಯುಸಿ ಮುಗಿಸಿ ಮುಧೋಳಕ್ಕೆ ಸೊಸೆಯಾಗಿ ಬಂದೆ. ಅಕ್ಕ ಹತ್ತನೆಯ ತರಗತಿಗೇ ಶಾಲೆ ಬಿಟ್ಟು ರಬಕವಿಗೆ ಹೋಗಿದ್ದಳು. ನಡುವೆ ಒಂದು ಬಸ್ಸಿನ ದಾರಿ. ತಿಂಗಳಿಗೊಮ್ಮೆಯಾದರೂ ನಾನು ಅಲ್ಲಿರುತ್ತಿದ್ದೆ. ಈಗ ಬರೆಯುತ್ತಿರುವ ವಿಷಯವನ್ನು ಯಾರಿಗೂ ಹೇಳಬಾರದೆಂದು ಅಕ್ಕ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಯಾರಿಂದ ಮುಚ್ಚಿಡಬೇಕಿತ್ತೋ ಅವರಿಗೂ ಈಗ ಗೊತ್ತಾಗಿದೆ. ಬರೆಯಲೇ ಎಂದು ಕೇಳಿದ್ದಕ್ಕೆ ಭಾವ, "ಬರಿ ತಂಗಿ. ಹೆಸರು ಬ್ಯಾಡ. ಶುಗರ್ ಇದ್ದ ಹೆಣ್ಣಮಕ್ಕಳು ಯಾರರ ಓದಲಿ," ಎಂದರು. ಅದಕ್ಕೇ ಇಲ್ಲಿ ಯಾರ ಹೆಸರೂ ಇಲ್ಲ.

ಮಗಳ ಲಗ್ನ ಮುಗಿಸಿ ಕಳಿಸಿಕೊಟ್ಟ ವರ್ಷ ಅಕ್ಕ ಬಹಳ ಹಗುರಾಗಿದ್ದಳು. ಎಲ್ಲರೂ, ಮಗಳು ಹೋದಳು, ಇನ್ನು ನಿಮಗೆ ಬೇಜಾರು ಎಂದರೆ ಅವಳು ನನ್ನ ಕಿವಿಯಲ್ಲಿ ಬೇರೆ ಹೇಳುತ್ತಿದ್ದಳು. "ಬ್ಯಾಸರಂತ, ಯಾಂವ ಅಂದಾಂವ? ಲಗ್ನ ಆದಾಗಿಂದ ಅತ್ತಿ, ಮಾವ, ಮೈದುನರು, ಕೂಸು. ಈಗ ನೋಡ್, ಇಬ್ಬರ ಇದ್ದೀವಿ. ಎರಡ ಮಾತ ಆಡಾಕ ಈಗ ಹೊತ್ತ ಸಿಕ್ಕೈತಿ." ಭಾನುವಾರ ಇಬ್ಬರೂ ಮೋಟಾರ್ ಸೈಕಲ್ಲಿನ ಮೇಲೆ ಕೃಷ್ಣೆಯ ದಂಡೆಗೆ ಹೋಗಿ ಬಂದದ್ದನ್ನು ಹುಡುಗಿಯ ಹಾಗೆ ಹೇಳುತ್ತಿದ್ದಳು. ಅವಳಿಗಾಗ ನಲವತ್ತು ದಾಟಿತ್ತು.

ಮುಂದಿನ ಬೇಸಿಗೆಯ ಹೊತ್ತಿಗೆ ಆ ಮಾತು ನಿಂತಿತು. ನಾನು ಹೋದಾಗ ಅಕ್ಕನ ಹಾಸಿಗೆ ಪಡಸಾಲೆಯಲ್ಲಿತ್ತು. ಒಳಗೆ ಶಕೆ ಎಂದಳು. ಮೊದಲ ಮಳೆ ಬಿದ್ದ ಮೇಲೂ ಹಾಸಿಗೆ ಅಲ್ಲೇ ಇತ್ತು. ಭಾವ ಮೊದಲೇ ಕಡಿಮೆ ಮಾತಿನವರು. ಈಗ ಊಟಕ್ಕೆ ಕೂತರೆ ರೊಟ್ಟಿ ಬೇಕೆಂದೂ ಹೇಳುತ್ತಿರಲಿಲ್ಲ, ಸಾಕೆಂದೂ ಹೇಳುತ್ತಿರಲಿಲ್ಲ. ಬಚ್ಚಲಲ್ಲಿ ಫಟಕರಿಯ, ಅಂದರೆ ಪಟಿಕದ, ಹರಳು, ಗಾಯ ತೊಳೆಯುವ ಔಷಧದ ಬಾಟಲಿ ಕಂಡು, ಯಾರಿಗೆ ಗಾಯವಾಗಿದೆ ಎಂದು ಕೇಳಿದೆ. "ಕಾಲಿಗಿ," ಎಂದಳು. ಶುಗರ್ ಇದ್ದವರ ಕಾಲು ಎಂದು ಹೆದರಿ ಅವಳ ಎರಡೂ ಪಾದ ಹಿಡಿದು ನೋಡಿದೆ. ಏನೂ ಇರಲಿಲ್ಲ. "ಆರಾಮ ಆತು ಬಿಡ," ಎಂದು ಕಾಲು ಎಳೆದುಕೊಂಡಳು.

ಆ ವರ್ಷ ಊರಿನ ಬಸದಿಗೆ ಒಬ್ಬ ಮಾತಾಜಿ ಚಾತುರ್ಮಾಸಕ್ಕೆ ಬಂದಿದ್ದರು. ನಮ್ಮ ದಿಗಂಬರ ಜೈನರಲ್ಲಿ ಸನ್ಯಾಸ ತೆಗೆದುಕೊಂಡ ಹೆಣ್ಣುಮಕ್ಕಳಿಗೆ ಮಾತಾಜಿ ಅನ್ನುತ್ತೇವೆ. ಬಿಳಿ ಸೀರೆ, ಕೈಯಲ್ಲಿ ನವಿಲುಗರಿಯ ಪಿಂಛಿ, ಬರಿಗಾಲು. ಮಳೆಗಾಲ ಮುಗಿದು ದೀಪಾವಳಿ ಆಗುವತನಕ ಒಂದೇ ಊರಿನಲ್ಲಿರುತ್ತಾರೆ. ದಿನಕ್ಕೊಂದೇ ಊಟ, ಅದೂ ಯಾರ ಮನೆಯಲ್ಲಿ ಎಂದು ಮೊದಲು ಹೇಳುವುದಿಲ್ಲ. ಊಟ ಕೊಡಬೇಕೆಂದವರು ಮಡಿಯಲ್ಲಿ ಅಡುಗೆ ಮಾಡಿ, ಕಳಶ ತೆಂಗಿನಕಾಯಿ ಹಿಡಿದು ಬಾಗಿಲಲ್ಲಿ ನಿಂತು ಕರೆಯಬೇಕು. ನಿಲ್ಲಿರಿ, ನಿಲ್ಲಿರಿ ಎಂದು ಬೇಡಿಕೊಂಡು, ಕೊನೆಗೆ, ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ ಎಂದು ಹೇಳಬೇಕು. ನನ್ನ ಮನಸ್ಸು, ನನ್ನ ಮಾತು, ನನ್ನ ದೇಹ, ಈ ಅನ್ನ ನೀರು ಎಲ್ಲ ಶುದ್ಧವಾಗಿವೆ ಎಂದು ಅದರ ಅರ್ಥ. ಅದನ್ನು ಕೇಳಿದ ಮೇಲೆಯೇ ಅವರು ಒಳಗೆ ಬರುವುದು.

ಅಕ್ಕನ ಕೈಯ ಅಡುಗೆ ಓಣಿಯಲ್ಲೇ ಹೆಸರಾದದ್ದು. ಆದರೆ ಆ ಸಲ ಆಷಾಢ ಮುಗಿಯುತ್ತ ಬಂದರೂ ಅವಳು ಬಾಗಿಲಲ್ಲಿ ನಿಂತಿರಲಿಲ್ಲ. ಎದುರುಮನೆಯಾಕೆ ಕಟ್ಟೆಯ ಮೇಲೆ ಕೂತು ಚುಚ್ಚುತ್ತಿದ್ದಳು. "ಮಗಳ ಲಗ್ನದಾಗ ಸಾವಿರ ಮಂದಿಗಿ ಉಣ್ಣಾಕ ಹಾಕಿದ್ರಿ. ಒಬ್ಬ ಮಾತಾಜಿಗಿ ಹಾಕಾಕ ತ್ರಾಸ ಏನ್ರೀ ನಿಮಗ?" ಅಕ್ಕ ನಕ್ಕು ಸುಮ್ಮನಾಗುತ್ತಿದ್ದಳು. ನಾನು ಹೋದ ದಿನ ಮಾತ್ರ ಏನು ಅನ್ನಿಸಿತೋ, ಬೆಳಿಗ್ಗೆ ಎದ್ದವಳೇ ಬಾವಿಯ ನೀರು ಸೋಸಿ ತಂದು ಅಡುಗೆಗೆ ಕೂತಳು. ಭಾವ ಖುಷಿಯಿಂದ, ಅಂಗಡಿಗೆ ತಡವಾಗಿ ಹೋಗುತ್ತೇನೆಂದು ಮಡಿ ಉಟ್ಟು ನಿಂತರು.

ಮಾತಾಜಿ ಓಣಿಯಲ್ಲಿ ನಿಧಾನ ಬಂದರು. ನಮ್ಮ ಬಾಗಿಲ ಮುಂದೆ ಕಾಲು ನಿಂತಿತು. ಅಕ್ಕ ಕಳಶ ಹಿಡಿದು ಕರೆದಳು. ಮನಶುದ್ಧಿ ಅಂದಳು. ವಚನಶುದ್ಧಿ ಅಂದಳು. ಆಮೇಲೆ ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಪಕ್ಕದಲ್ಲಿದ್ದ ಭಾವ, ಮರೆತಳೆಂದು ಮೆಲ್ಲಗೆ, "ಕಾಯಶುದ್ಧಿ," ಎಂದು ಹೇಳಿಕೊಟ್ಟರು. ಅಕ್ಕ ಅವರ ಮುಖ ನೋಡಿದಳು, ನೆಲ ನೋಡಿದಳು. ಮಾತಾಜಿ ಸ್ವಲ್ಪ ಹೊತ್ತು ಕಾದು, ಪಿಂಛಿ ಎತ್ತಿ ಹರಸಿ ಮುಂದಿನ ಮನೆಗೆ ನಡೆದರು. ಅಕ್ಕ ಕಳಶ ಹಿಡಿದೇ ನಿಂತಿದ್ದಳು.

ಮಧ್ಯಾಹ್ನ ಬಸದಿಯಿಂದ ಕರೆ ಬಂತು. ನಾನೂ ಜೊತೆಗೆ ಹೋದೆ. ಮಾತಾಜಿ ಚಾಪೆಯ ಮೇಲೆ ಗೋಡೆಗೊರಗದೆ ಕೂತಿದ್ದರು. ವಯಸ್ಸಾದವರು, ನಮ್ಮ ಕಡೆಯವರೇ. ಮಾತು ನಮ್ಮ ತಾಯಿಯ ಮಾತಿನ ಹಾಗೆಯೇ ಇತ್ತು.

"ಮೂರನೇದ್ದು ಯಾಕ ಬರಲಿಲ್ಲ ಬಾಯಿಗಿ?"

ಅಕ್ಕ ನನ್ನನ್ನು ಹೊರಗೆ ಹೋಗು ಎಂದು ನೋಡಿದಳು. "ಇರಲಿ ಬಿಡು, ತಂಗಿ ಅಲ್ಲೇನು," ಎಂದರು ಮಾತಾಜಿ.

ಆಗ ಅಕ್ಕ ಹೇಳಿದಳು. ಬೇಸಿಗೆಯಿಂದ ಬಿಳಿಸೆರಗು ಹೋಗುತ್ತಿದೆ. ತುರಿಕೆ, ಕೂರಲೂ ಆಗದಷ್ಟು. ಚರ್ಮ ಬಿರಿದು ಉರಿಯುತ್ತದೆ. ಗಂಡ ಹತ್ತಿರ ಬಂದರೆ ಚಾಕುವಿನಿಂದ ಕೊಯ್ದ ಹಾಗೆ ನೋವು. ಫಟಕರಿಯಿಂದ ತೊಳೆದೆ, ಅರಿಷಿಣ ಹಚ್ಚಿದೆ, ಗಾಯದ ಔಷಧದಿಂದ ತೊಳೆದೆ, ಇನ್ನೂ ಹೆಚ್ಚಾಯಿತು. "ಮೈ ಹೊಲಸ ಆಗೇತ್ರಿ. ನಿಮ್ಮ ಮುಂದ ನಿಂತು ಶುದ್ಧ ಐತಿ ಅಂತ ಹೆಂಗ ಸುಳ್ಳ ಹೇಳಲಿ?" ಎಂದು ಸೆರಗು ಬಾಯಿಗಿಟ್ಟುಕೊಂಡಳು. ಕಾಲಿನ ಗಾಯ ಯಾವುದೆಂದು ನನಗೆ ಆಗ ತಿಳಿಯಿತು.

"ಬ್ಯಾನಿ ಬ್ಯಾರೆ, ಹೊಲಸ ಬ್ಯಾರೆ," ಎಂದರು ಮಾತಾಜಿ. "ಗಂಡಗ ಹೇಳಿಯೇನು?"

"ಇಲ್ರಿ. ಏನಂತ ಹೇಳೂದು? ನನಗ ಬ್ರಹ್ಮಚರ್ಯ ವ್ರತ ಕೊಟ್ಟಬಿಡ್ರಿ. ಅವರಿಂದ ದೂರ ಉಳಿಯಾಕ ನನಗ ಒಂದು ನೆವ ಆಕೈತಿ. ಅವರಿಗೂ ಅವಮಾನ ಆಗೂದಿಲ್ಲ."

ನಮ್ಮಲ್ಲಿ ಮಕ್ಕಳ ಮದುವೆ ಮುಗಿಸಿದ ಗಂಡ ಹೆಂಡತಿ ಗುರುಗಳ ಮುಂದೆ ಆ ವ್ರತ ತೆಗೆದುಕೊಳ್ಳುವುದುಂಟು. ಒಂದೇ ಮನೆಯಲ್ಲಿ ಅಣ್ಣ ತಂಗಿಯ ಹಾಗೆ ಇರುವುದು. ಅದಕ್ಕೆ ಇಬ್ಬರ ಒಪ್ಪಿಗೆಯೂ ಬೇಕು. ಜನ ಅಂಥವರನ್ನು ಬಹಳ ಗೌರವದಿಂದ ಕಾಣುತ್ತಾರೆ.

ಮಾತಾಜಿ ಪಿಂಛಿಯನ್ನು ಪಕ್ಕಕ್ಕಿಟ್ಟು ಕೇಳಿದರು. "ಖರೆ ಹೇಳು. ಗಂಡ ಬ್ಯಾಡಾಗ್ಯಾನೇನು ನಿನಗ?"

ಅಕ್ಕ ತಲೆ ಅಲ್ಲಾಡಿಸಿದಳು. ಕಣ್ಣೀರು ಮಡಿಲಿಗೆ ಬಿತ್ತು.

"ಹಂಗಾರ ನೋವಿಗಿ ಅಂಜಿ ತಗೊಳ್ಳೂದು ವ್ರತ ಅಲ್ಲ. ಆಜೀವ ನಾ ಕೊಡೂದಿಲ್ಲ. ದೀಪಾವಳಿತನಕ ನಿಯಮ ಕೊಡತೀನಿ. ಗಡುವಿನ ವ್ರತ. ಅಷ್ಟರಾಗ ಡಾಕ್ಟರ ಕಡಿ ಹೋಗು, ಆರಾಮ ಆಗು. ದೀಪಾವಳಿ ಆತು, ವ್ರತ ಮುಗೀತು. ನಿನ್ನ ಸಂಸಾರ ನಿನಗ."

ಬಸದಿಯಿಂದ ಮನೆಗೆ ನಡೆದು ಬರುವಾಗ ಅಕ್ಕನ ಹೆಜ್ಜೆಯೇ ಬೇರೆಯಾಗಿತ್ತು. ದೀಪಾವಳಿ ಎಂಬ ಮಾತನ್ನು ಅವಳು ದಾರಿಯುದ್ದಕ್ಕೂ ಮತ್ತೆ ಮತ್ತೆ ಆಡಿದಳು. ಸಂಜೆ ಭಾವ ಬಂದಾಗ ನನ್ನ ಎದುರಿಗೇ ಹೇಳಿದಳು. "ದೀಪಾವಳಿತನಕ ಬ್ರಹ್ಮಚರ್ಯ ತಗೋಬೇಕಂತ ಮಾಡೀನ್ರಿ. ಚತುರ್ದಶಿ ದಿನ ಸಭಾದಾಗ ಕೊಡತಾರಂತ. ನೀವೂ ಕಾಯಿ ಹಿಡಕೊಂಡ ನಿಂದರಬೇಕು." ಭಾವ ಅಂಗಿ ಗೂಟಕ್ಕೆ ಹಾಕುತ್ತಿದ್ದರು. ತಿರುಗಿ ನೋಡದೆ, "ಆತು," ಎಂದರು. ಅಷ್ಟೇ.

ಚತುರ್ದಶಿಯ ದಿನ ಬಸದಿ ತುಂಬಿತ್ತು. ತೇರದಾಳದಿಂದಲೂ ಜನ ಬಂದಿದ್ದರು. ಕೆಲವರು ಉಪವಾಸದ ನಿಯಮ ತೆಗೆದುಕೊಂಡರು, ಕೆಲವರು ರಾತ್ರಿ ಊಟ ಬಿಟ್ಟರು. ಅಕ್ಕ ಭಾವ ಎದ್ದು ನಿಂತಾಗ ಹೆಂಗಸರ ಕಡೆ ಪಿಸುಮಾತಾಯಿತು. ಅಕ್ಕ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಮಾತಾಜಿ ಕೇಳಿದರು, "ದೀಪಾವಳಿತನಕ ನಿಯಮ. ಹೌದಲ್ಲ?"

ಭಾವ ತೆಂಗಿನಕಾಯಿ ಎರಡೂ ಕೈಯಲ್ಲಿ ಹಿಡಿದು ಮುಂದೆ ಬಂದರು. ನಾಲ್ಕು ಜನರ ಮುಂದೆ ಅವರು ಮಾತಾಡಿದ್ದನ್ನೇ ನಾನು ಅದುವರೆಗೆ ನೋಡಿರಲಿಲ್ಲ.

"ದೀಪಾವಳಿತನಕ ಅಲ್ರಿ ಮಾತಾಜಿ. ಆಜೀವ ಕೊಡ್ರಿ. ಇಬ್ಬರಿಗೂ. ಇಕಿ ಮನಸ್ಸು ನನಗ ಗೊತ್ತೈತಿ. ನನ್ನ ಸಲುವಾಗಿ ಕಡಿಮಿ ಕೇಳಾಕತ್ತಾಳ."

ಸಭೆಯಲ್ಲಿ ಜೈಕಾರ ಎದ್ದಿತು. ನನ್ನ ಪಕ್ಕದ ಮುದುಕಿ ಕಣ್ಣೊರೆಸಿಕೊಂಡು, "ಎಂಥಾ ಗಂಡ ಬೇ! ಪುಣ್ಯ ಮಾಡಿರಬೇಕು," ಎಂದಳು. ಮಾತಾಜಿ ಕೈ ಎತ್ತಿ ಜನರನ್ನು ಸುಮ್ಮನಾಗಿಸಿದರು. ಅವರು ಭಾವನನ್ನು ನೋಡಲಿಲ್ಲ, ಅಕ್ಕನನ್ನು ನೋಡಿದರು.

"ನಿನಗ ಒಪ್ಪಿಗಿ ಐತೇನವ್ವ?"

ಅಕ್ಕ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

"ಮತ್ತ ಕೇಳತೀನಿ. ಅವಸರ ಇಲ್ಲ. ವಿಚಾರ ಮಾಡಿ ಹೇಳು."

ಅಕ್ಕ ತಿರುಗಿ ಭಾವನನ್ನು ನೋಡಿದಳು. ಅವರ ಕಣ್ಣಲ್ಲಿ ನೀರು ನಿಂತಿತ್ತು. ಏನೋ ದೊಡ್ಡದನ್ನು ಅವಳಿಗೆಂದು ಹೊತ್ತು ತಂದವರ ಹಾಗೆ ನಿಂತಿದ್ದರು. ಅಷ್ಟು ಜನರ ಮುಂದೆ ಅಕ್ಕ ಅದನ್ನು ಬೇಡ ಎನ್ನಬೇಕಿತ್ತು. ಯಾಕೆ ಬೇಡ ಎಂದೂ ಹೇಳಬೇಕಿತ್ತು. ಅವಳು ತಲೆ ಬಾಗಿಸಿದಳು. ಪಿಂಛಿ ಇಬ್ಬರ ತಲೆಯ ಮೇಲೂ ಆಡಿತು.

ಮನೆಗೆ ಬಂದವಳು ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂತು, "ಲೇ, ಇದೇನಾತಲೇ?" ಎಂದಳು. ನಾನು ಈಗಲೇ ಹೋಗಿ ಮಾಮಾನಿಗೆ ಹೇಳುತ್ತೇನೆ ಎಂದು ಎದ್ದೆ. ಅವಳು ನನ್ನ ಕೈ ಹಿಡಿದಳು. "ಏನಂತ ಹೇಳತಿ? ತುರಿಕಿಗಂತ ಹೇಳತೀಯೇನು? ತಮ್ಮ ಕಡೆ ಇದ್ದದ್ದರಾಗ ದೊಡ್ಡದು ತಂದ ಕೊಟ್ಟಾರ ಅವರು. ಅದನ್ನ ತಿರುಗಿ ಕೊಟ್ಟಂಗ ಆಕೈತಿ. ಹೇಳಬ್ಯಾಡ. ನನ್ನ ಆಣಿ." ಆ ಆಣೆಯನ್ನು ನಾನು ಅವಳಿರುವತನಕ ಕಾಯ್ದೆ.

ಆದರೂ ಡಾಕ್ಟರ ಕಡೆ ಹೋಗಲೇಬೇಕಿತ್ತು. ವ್ರತ ಏನೇ ಇರಲಿ, ಉರಿ ಇದ್ದೇ ಇತ್ತು. ಜಮಖಂಡಿಯಲ್ಲಿ ಒಬ್ಬ ಲೇಡಿ ಡಾಕ್ಟರ್ ಇದ್ದಾರೆಂದು ನಾನೇ ಕೇಳಿಕೊಂಡು ಬಂದೆ. ಅಕ್ಕ ಮೊದಲು ಭಾವನ ಅಂಗಡಿಗೆ ಊಟದ ಡಬ್ಬಿ ಕೊಡಬೇಕೆಂದಳು. ಹಾಗಾಗಿ ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾದೆವು. ಎದುರಿನ ಗೋಡೆಯ ತುಂಬ ಕೆಂಪು ಅಕ್ಷರದಲ್ಲಿ ಗಂಡಸರ ಗುಪ್ತರೋಗ, ಗಂಡಸರ ನಿಶ್ಶಕ್ತಿ, ಶುಗರ್ ಇದ್ದ ಗಂಡಸರಿಗೆ ವಿಶೇಷ ಚಿಕಿತ್ಸೆ ಎಂದು ಬರೆದಿತ್ತು. ಅಕ್ಕ ಓದಿ ಓದಿ ನೋಡಿದಳು.

"ಇಷ್ಟ ದೊಡ್ಡ ಗ್ವಾಡಿ ಐತಿ. ಒಂದ ಮೂಲ್ಯಾಗರ ನಮ್ಮದು ಬರೀಬಾರದೇನಲೇ?"

"ನಮ್ಮದು ಏನಂತ ಬರೀಬೇಕ ಯಕ್ಕಾ?"

"ಅದ ನೋಡ್. ಅದಕ್ಕ ಹೆಸರ ಇಲ್ಲ," ಎಂದು ನಕ್ಕಳು. ಟ್ರ್ಯಾಕ್ಟರ್ ಹಾದುಹೋದ ಧೂಳಿನಲ್ಲಿ ಸೆರಗು ಮುಖಕ್ಕೆ ಹಿಡಿದು ಅವಳು ನಗುತ್ತಲೇ ಇದ್ದಳು. ನಾನೂ ನಕ್ಕೆ. ಸುತ್ತ ನಿಂತವರು ನಮ್ಮನ್ನು ನೋಡಿದರು.

ಡಾಕ್ಟರಿಗೆ ನಮ್ಮಷ್ಟೇ ವಯಸ್ಸು. ಪರೀಕ್ಷೆ ಮಾಡಿ ಕೈ ತೊಳೆದುಕೊಂಡು ಕೂತು ಕೇಳಿದರು. "ಶುಗರ್‌ಗೆ ಹೊಸಾ ಗುಳಿಗಿ ಯಾವಾಗ ಚಾಲೂ ಮಾಡೀರಿ?"

ಬೇಸಿಗೆಯ ಸುಮಾರಿಗೆ ಎಂದಳು ಅಕ್ಕ.

"ಈ ಗುಳಿಗಿ ಮೈಯಾಗಿನ ಸಕ್ಕರಿನ್ನ ಮೂತ್ರದ ಜೋಡಿ ಹೊರಗ ಹಾಕ್ತದ. ಛಲೋ ಗುಳಿಗಿನೇ. ಆದ್ರ ಕೆಲವೊಬ್ಬ ಹೆಣ್ಣಮಕ್ಕಳಿಗೆ ಈ ತ್ರಾಸ ಹೆಚ್ಚು ಮಾಡ್ತದ. ಹಸಿ ಜಾಗದಾಗ ರೊಟ್ಟಿಗೆ ಬೂಷ್ಟು ಬರೂದಿಲ್ಲೇನು? ಹಂಗ, ಸಕ್ಕರಿ ಸಿಕ್ಕರ ಅಲ್ಲಿ ಫಂಗಸ್ ಬೆಳೀತದ. ಮ್ಯಾಲ ನೀವು ಫಟಕರಿ, ಔಷಧ ಅಂತ ಸುಟ್ಟಕೊಂಡೀರಿ. ಇನ್ನ ಬರೇ ನೀರಿನಿಂದ ತೊಳಕೋರಿ. ಗುಳಿಗಿ ಬದಲಿ ಮಾಡಾಕ ನಿಮ್ಮ ಶುಗರ್ ಡಾಕ್ಟರಿಗೆ ನಾ ಫೋನ್ ಮಾಡ್ತೀನಿ."

ಆಮೇಲೆ ದನಿ ತಗ್ಗಿಸಿ ಕೇಳಿದರು. "ಯಜಮಾನರ ಜೋಡಿ ಕೂಡಿದಾಗ ನೋವು ಆಗ್ತಿತ್ತೇನು? ಒಣಗಿದಂಗ?"

ಅಕ್ಕ ಗೋಡೆಯ ಮೇಲಿನ ಕೂಸಿನ ಚಿತ್ರ ನೋಡುತ್ತ ಹೂಂ ಎಂದಳು.

"ಅದೂ ಶುಗರ್‌ದೇ. ನರಕ್ಕ, ರಕ್ತಕ್ಕ ಪೆಟ್ಟು ಬೀಳ್ತದ. ಮನಸ್ಸಿರ್ತದ, ಮೈ ಬರೂದಿಲ್ಲ. ನಿಮ್ಮ ತಪ್ಪಲ್ಲ, ಅವರ ತಪ್ಪೂ ಅಲ್ಲ. ಎಷ್ಟೋ ಮಂದಿಗೆ ಇರ್ತದ, ಯಾರೂ ಹೇಳೂದಿಲ್ಲ. ಶುಗರ್ ಹತೋಟಿಗೆ ಬರಲಿ, ಗಾಯ ಮಾಯಲಿ. ಆಮ್ಯಾಲ ಈ ಜೆಲ್ಲಿ ಹಚ್ಚಿಕೋರಿ, ನೋವು ಆಗೂದಿಲ್ಲ. ಮುಂದಿನ ಸಲ ಯಜಮಾನರನ್ನ ಕರಕೊಂಡ ಬರ್ರಿ. ಅವರಿಗೂ ತುರಿಕಿ ಇದ್ರ ಔಷಧ ಕೊಡಬೇಕಾಗ್ತದ."

"ಅವರಿಗಿ ಬೇಕಾಗೂದಿಲ್ರಿ," ಎಂದು ಅಕ್ಕ ನಗಲು ಶುರುಮಾಡಿದಳು. ಬಸ್ ಸ್ಟ್ಯಾಂಡಿನಲ್ಲಿ ನಕ್ಕ ಹಾಗೆಯೇ ಶುರುವಾಯಿತು. ಆದರೆ ನಿಲ್ಲಲಿಲ್ಲ, ನಡುವೆಯೇ ಅಳುವಾಯಿತು. ಡಾಕ್ಟರು ನನ್ನ ಮುಖ ನೋಡಿದರು. ನಾನು ಆಣೆ ನೆನೆದು ಸುಮ್ಮನಿದ್ದೆ. ಅವರು ಹೆಚ್ಚು ಕೇಳದೆ ಒಂದು ಲೋಟ ನೀರು ಕೊಟ್ಟರು. ಜೆಲ್ಲಿಯ ಟ್ಯೂಬನ್ನು ಅಕ್ಕ ಟೇಬಲ್ಲಿನ ಮೇಲೆಯೇ ಬಿಟ್ಟು ಎದ್ದಳು. ಬಾಗಿಲತನಕ ಹೋದವಳು ತಿರುಗಿ ಬಂದು ತೆಗೆದು ಚೀಲಕ್ಕೆ ಹಾಕಿಕೊಂಡಳು.

ದೀಪಾವಳಿಯ ಹೊತ್ತಿಗೆ ಅವಳಿಗೆ ಪೂರ್ತಿ ಗುಣವಾಯಿತು. ಗುಳಿಗೆ ಬದಲಾಯಿತು, ಸಕ್ಕರೆ ಇಳಿಯಿತು, ತುರಿಕೆ ಹೋಯಿತು. ಚಾತುರ್ಮಾಸ ಮುಗಿಯುವ ಮೊದಲು ಅವಳು ಬಾಗಿಲಲ್ಲಿ ಕಳಶ ಹಿಡಿದು ನಿಂತು, ಕಾಯಶುದ್ಧಿ ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು. ಮಾತಾಜಿ ಒಳಗೆ ಬಂದು ಊಟ ಮಾಡಿದರು. ಹೊರಡುವಾಗ ಅಕ್ಕನ ಮುಖವನ್ನು ಎರಡು ಸಲ ನೋಡಿದರು. ಅಕ್ಕ ಹತ್ತಿರ ಹೋಗಿ ಮೆಲ್ಲಗೆ, "ಆರಾಮ ಆಗೇತ್ರಿ," ಎಂದಳು. "ತಿಳೀತು," ಎಂದರು ಅವರು. ಹಬ್ಬ ಮುಗಿದ ಮೇಲೆ ಸಾಂಗಲಿಯ ಕಡೆಗೆ ಬರಿಗಾಲಲ್ಲಿ ನಡೆದುಹೋದರು. ಪ್ರಾಯಶ್ಚಿತ್ತ ಕೇಳಿ ವ್ರತದಿಂದ ಬಿಡಿಸಿಕೊಳ್ಳಲು ಬರುತ್ತದೇನೋ, ಕೇಳಿ ನೋಡೋಣ ಎಂದು ನಾನು ಎಷ್ಟೋ ಸಲ ಹೇಳಿದೆ. ಅಕ್ಕ ಒಪ್ಪಲಿಲ್ಲ. ಅಷ್ಟರಲ್ಲಿ ಭಾವನಿಗೆ ಬಸದಿಯಲ್ಲಿ ಅಭಿಷೇಕಕ್ಕೆ ಮೊದಲ ಕೊಡ ಕೊಡುತ್ತಿದ್ದರು. ಅಂಗಡಿಯಲ್ಲಿ ರೈತರು ಅವರ ತೂಕದ ಮೇಲೆ ಎರಡನೆಯ ಮಾತಾಡುತ್ತಿರಲಿಲ್ಲ. ವ್ರತಸ್ಥರು ಎಂದು ದೂರದಿಂದಲೇ ಕೈ ಮುಗಿಯುತ್ತಿದ್ದರು.

ಆಮೇಲಿನ ವರ್ಷಗಳಲ್ಲಿ ಇಬ್ಬರೂ ಚೆನ್ನಾಗಿದ್ದರು. ಅದನ್ನೂ ಬರೆಯಬೇಕು. ಪಡಸಾಲೆಯಲ್ಲಿ ಅವಳು, ಒಳಕೋಣೆಯಲ್ಲಿ ಅವರು. ಚಹಾ ಕೊಡುವಾಗ ಲೋಟ ಕೆಳಗಿಡುತ್ತಿದ್ದಳು, ಅವರು ಎತ್ತಿಕೊಳ್ಳುತ್ತಿದ್ದರು. ಮಾತು ಮೊದಲಿಗಿಂತ ಹೆಚ್ಚಾಗಿತ್ತು. ಅಕ್ಕನಿಗೆ ಇನ್ಸುಲಿನ್ ಶುರುವಾದಾಗ ಸೂಜಿ ಚುಚ್ಚಲು ಭಾವ ಕಲಿತರು. ಮುಟ್ಟಬಾರದೆಂದು ಮೊದಲು ಹಿಂಜರಿದರು. ಅಕ್ಕ, "ಔಷಧಕ್ಕ ದೋಷ ಇಲ್ರಿ," ಎಂದಳು. ದಿನಾ ಬೆಳಿಗ್ಗೆ ಅವರು ಅವಳ ತೋಳು ಹಿಡಿದು ಚುಚ್ಚುತ್ತಿದ್ದರು. ಅಕ್ಕ ಆಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. "ಅಂಜತೀಯೇನು ಇನ್ನೂ?" ಎಂದು ಭಾವ ನಗುತ್ತಿದ್ದರು. ಅವಳು ಸೂಜಿಗೆ ಅಂಜುವವಳಾಗಿರಲಿಲ್ಲ.

ಹೋದ ಶ್ರಾವಣದಲ್ಲಿ, ನಾನು ಅಲ್ಲಿಗೆ ಹೋಗಿದ್ದಾಗ, ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳು ಯಾಕೋ ಬೆವರುತ್ತಿದೆ ಎಂದು ಗೋಡೆಗೊರಗಿದಳು. ಎದೆನೋವು ಬರಲಿಲ್ಲ. ಜಮಖಂಡಿಗೆ ಒಯ್ಯುವ ದಾರಿಯಲ್ಲೇ ಹೋದಳು. ಶುಗರ್ ಬಹಳ ವರ್ಷದ್ದಾದರೆ ಹೃದಯದ ನೋವೂ ಗೊತ್ತಾಗದೆ ಹೋಗಬಹುದು ಎಂದು ಡಾಕ್ಟರು ಹೇಳಿದರು. ಗಾಡಿಯಲ್ಲಿ ಅವಳ ತಲೆ ಭಾವನ ತೊಡೆಯ ಮೇಲಿತ್ತು. ಅವರ ಅಂಗಿಯನ್ನು ಅವಳು ಮುಷ್ಟಿಯಲ್ಲಿ ಹಿಡಿದಿದ್ದಳು. ಬಿಡಿಸಿದವಳು ನಾನೇ.

ವರ್ಷ ತುಂಬಿದ ಪೂಜೆಗೆ ಮೊನ್ನೆ ಹೋಗಿದ್ದೆ. ಬಂದವರೆಲ್ಲ ಹೋದ ಮೇಲೆ ಭಾವ ಒಂದು ಕೈಚೀಲ ತಂದು ನನ್ನ ಮುಂದೆ ಇಟ್ಟರು. ಅಕ್ಕನ ಔಷಧಗಳು. ನನಗೂ ಈಗ ಶುಗರ್ ಇದೆ. ಅದಕ್ಕೇ, "ಇದರಾಗ ನಿನಗ ಬರೂವಂಥಾವು ಅದಾವೇನು ನೋಡು ತಂಗಿ. ಒಗ್ಯಾಕ ಮನಸ್ಸಾಗವಲ್ತು," ಎಂದರು. ಒಂದೊಂದೇ ತೆಗೆದು ನೋಡಿದೆ. ಎಲ್ಲ ಅವಧಿ ಮೀರಿದವು. ಕೊನೆಗೆ ತಳದಲ್ಲಿ ಆ ಜೆಲ್ಲಿಯ ಟ್ಯೂಬ್ ಸಿಕ್ಕಿತು. ಮುಚ್ಚಳದ ಸೀಲ್ ಒಡೆದಿರಲಿಲ್ಲ. ನಾನು ಅದನ್ನು ಉಳಿದವುಗಳ ಕೆಳಗೆ ಸರಿಸಿದೆ.

"ಅದು ಯಾತಕ್ಕ ಕೊಟ್ಟಿದ್ದು?" ಎಂದರು ಭಾವ. "ಔಷಧ ಅಂಗಡ್ಯಾಗ ತೋರಿಸಿದೆ. ಹುಡುಗ ನಕ್ಕೋತ ಹೇಳಿದ. ನಮ್ಮ ಮನ್ಯಾಗ ಇದು ಯಾಕ ಬಂತು ಅಂತ ಅವತ್ತಿಂದ ವಿಚಾರ ಮಾಡಾಕತ್ತೇನಿ."

ಅವಳಿಲ್ಲದ ಮೇಲೆ ಆಣೆ ಇನ್ನು ಯಾರಿಗೆ? ನಾನು ಎಲ್ಲ ಹೇಳಿದೆ. ತುರಿಕೆ, ನೋವು, ಕಾಯಶುದ್ಧಿ ಎನ್ನಲಾರದೆ ನಿಂತದ್ದು, ದೀಪಾವಳಿತನಕ ಎಂದು ಕೇಳಿದ್ದು ಯಾಕೆ ಎಂಬುದು. ಅವರು ನೆಲದ ಮೇಲೆ ಕೂತು ಕೇಳಿದರು. ಮುಗಿದ ಮೇಲೆ ಹೇಳಿದರು.

"ಬಚ್ಚಲದಾಗ ಅಳೂದು ಕೇಳತಿದ್ದೆ ನಾ. ನೀರ ಬಿಟಗೊಂಡ ಅಳತಿದ್ಲು, ಕೇಳಬಾರದಂತ. ನಾ ಮುಟ್ಟಿದ್ರ ಆಕಿಗಿ ಅಂಜಿಕಿ ಅಂತ ತಿಳಕೊಂಡೆ. ದೀಪಾವಳಿತನಕ ಅಂದ್ರ ದೀಪಾವಳಿ ಆದಮ್ಯಾಲ ಮತ್ತ ಅಂಜಿಕಿ ಬರತೈತಲ್ಲ ಆಕಿಗಿ. ಬ್ಯಾಡ, ಒಮ್ಮೆಲೆ ಹೋಗಲಿ ಅಂತ ಆಜೀವ ಕೇಳಿದೆ."

ಹೊರಗೆ ಯಾರದೋ ಮನೆಯ ಮಗ್ಗ ಶುರುವಾಗಿ ಸದ್ದು ಮಾಡುತ್ತಿತ್ತು.

"ಆಮ್ಯಾಲ ಆಕಿಗಿ ಆರಾಮ ಆಗಿತ್ತೇನು? ಖರೆ ಹೇಳು."

ಆಗಿರಲಿಲ್ಲ ಎನ್ನಬಹುದಿತ್ತು. ಹಾಗೆಂದಿದ್ದರೆ ಅವರ ವ್ರತಕ್ಕೆ ಒಂದು ಅರ್ಥ ಉಳಿಯುತ್ತಿತ್ತು. ಆದರೆ ಅಕ್ಕ ನೋವಿನಲ್ಲೇ ಬದುಕಿದಳು ಎಂದು ಇವರು ಸಾಯುವತನಕ ನೆನೆಯಬೇಕಾಗುತ್ತಿತ್ತು.

"ಆಗಿತ್ರಿ ಮಾಮಾ. ಪೂರಾ ಆರಾಮ ಆಗಿತ್ತು. ದೀಪಾವಳಿ ಹೊತ್ತಿಗೆ."

ಅವರು ಕಣ್ಣು ಮುಚ್ಚಿದರು. "ಛಲೋ ಆತು," ಎಂದರು. "ನೋವಿರಲಿಲ್ಲಲ್ಲ. ಛಲೋ ಆತು."

ಆಮೇಲೆ ಅವರೇ ಮತ್ತೆ ಮಾತಾಡಿದರು. "ಆ ದೀಪಾವಳಿ ಪಾಡ್ಯ ದಿನ ಅಂಗಡಿಗಿ ಬಂದಿದ್ಲು. ಎಂದೂ ಬಂದು ಕುಂತಾಕಿ ಅಲ್ಲ. ಡಬ್ಬಿ ಕೊಟ್ಟು ಹೊಂಟಬಿಡತಿದ್ಲು. ಅವತ್ತ ಹೊಸಾ ಸೀರಿ ಉಟಗೊಂಡ ಬಂದು, ಪೆಂಟಿ ಹಚ್ಚಿದ್ದರ ಬಾಜೂಕ ಕುಂತಳು. ಏನ್ ಬೇಕು ಅಂದೆ. ಏನಿಲ್ರಿ, ವಾಸನಿ ನೋಡಾಕ ಬಂದೀನಿ ಅಂದ್ಲು. ಗಿರಾಕಿ ಬಂದ್ರು, ನಾ ತೂಕಕ್ಕ ಎದ್ದೆ. ತಿರುಗಿ ನೋಡೂದ್ರಾಗ ಹೋಗಿದ್ಲು."

ಚೀಲದ ಔಷಧಗಳನ್ನೆಲ್ಲ ನಾನು ಒಗೆಯಲು ಕಟ್ಟಿಕೊಂಡೆ. ಆ ಟ್ಯೂಬನ್ನು ಭಾವ ಕೊಡಲಿಲ್ಲ. ಎದ್ದು ಹೋಗಿ ಗೂಟಕ್ಕೆ ಹಾಕಿದ್ದ ಅಂಗಿಯ ಜೇಬಿನಲ್ಲಿಟ್ಟರು.